ಅತ್ತಿಗೆ, ನೀವು ಬಿಡ್ರಿ, ನಾನು ನೋಡ್ಕೋತೀನಿ

ಹಳೆಯ ಕಾರಿನ ಒಳಗಿನ ಪ್ಲಾಸ್ಟಿಕ್ ಸರಿಮಾಡಲು ಹೊರಡುವವರು ಮೊದಲು ಮನೆಯಲ್ಲಿರುವ ಹೀಟ್ ಗನ್ನನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಮನೆಯಲ್ಲಿ ಹೀಟ್ ಗನ್ ಇಲ್ಲವೆಂದಾದರೆ, ಅದನ್ನು ಇಟ್ಟುಕೊಂಡಿರುವ ನೆಂಟರ ಕಿವಿಗೆ ಸುದ್ದಿ ಬೀಳದಂತೆ ನೋಡಿಕೊಳ್ಳಬೇಕು. ಉಳಿದದ್ದನ್ನು ತಾಳ್ಮೆ ಇದ್ದವರು ಯಾರು ಬೇಕಾದರೂ ಮಾಡಬಹುದು. ನಾನು ಮಾಡಿದ್ದೇನೆ.

ಗಾಡಿ 1999ರ ಮಾರುತಿ ಝೆನ್. ದುಂಡು ಮೈ ನೋಡಿ ಜನ ಜೆಲ್ಲಿಬೀನ್ ಅನ್ನುತ್ತಿದ್ದರಲ್ಲ, ಅದು. 1993ರಲ್ಲಿ ಬಂದ ಝೆನ್ 2006ರಲ್ಲಿ ನಿಂತುಹೋಯಿತು. ಅದರ 993 ಸಿಸಿ ಎಂಜಿನ್ನಿಗೆ ಬೇಕಾದ ಸಾಮಾನು ಇವತ್ತಿಗೂ ಹುಡುಕಿದರೆ ಸಿಗುತ್ತದೆ, ದಾವಣಗೆರೆಯ ಹಳೇ ಮೆಕ್ಯಾನಿಕ್‌ಗಳು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುತ್ತಾರೆ. ಸಿಗದೇ ಇರುವುದು ಒಳಗಿನ ಪ್ಲಾಸ್ಟಿಕ್ಕು. ಅದಿಲ್ಲದಿದ್ದರೂ ಗಾಡಿ ಓಡುತ್ತದೆ, ಆದ್ದರಿಂದ ಯಾರೂ ಅದನ್ನು ಮತ್ತೆ ಅಚ್ಚು ಹಾಕಿಸಿ ಮಾರುವ ಗೋಜಿಗೆ ಹೋಗಿಲ್ಲ.

ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5000 ಆಗಿತ್ತು. 2024ರಲ್ಲಿ ಅಷ್ಟನ್ನೂ ಕಟ್ಟಿ, ಬ್ರೇಕು, ಲೈಟು, ಹೊಗೆ ಎಲ್ಲ ಪಾಸು ಮಾಡಿಸಿಕೊಂಡು ಮನೆಗೆ ಬಂದೆವು. ನಮ್ಮನೆಯವರು ಇಳಿದು ಬಾಗಿಲು ಹಾಕಿದ ರಭಸಕ್ಕೆ ಡೋರ್ ಪ್ಯಾಡಿನ ಕೆಳಗಿನ ಜೇಬು ಕಳಚಿ ಬಿತ್ತು. “ಮಾರಿಬಿಡೋಣ” ಅಂದರು. ಐದು ಸಾವಿರ ಕಟ್ಟಿ ಇನ್ನೈದು ವರ್ಷಕ್ಕೆ ಬರೆಸಿಕೊಂಡು ಬಂದ ಗಾಡಿಯನ್ನು ಅದೇ ದಿನ ಮಾರುವವರುಂಟೇ? ನಾನೇ ಸರಿಮಾಡುತ್ತೇನೆ ಅಂದೆ. ನಿವೃತ್ತಿಯಾಗಿತ್ತು, ಸಮಯವಿತ್ತು. ಅದಕ್ಕಿಂತ ಹೆಚ್ಚಾಗಿ, ಪಿಯುಸಿ ಮಕ್ಕಳಿಗೆ ಪಾಲಿಮರ್ ಪಾಠ ಮಾಡಿಯೇ ನನ್ನ ಅರ್ಧ ಆಯುಸ್ಸು ಕಳೆದಿದೆ. ಇದು ಯಾರ ತಲೆಗೂ ಹೊಳೆಯಲಿಲ್ಲ. ಹೆಂಗಸು ಸ್ಪ್ಯಾನರ್ ಹಿಡಿಯುತ್ತಾಳೆ ಅನ್ನುವುದಷ್ಟೇ ಎಲ್ಲರಿಗೂ ಕಂಡದ್ದು.

ಒಳಗಿನ ಸ್ಥಿತಿ ಹೇಳುತ್ತೇನೆ. ಬೂದು ಬಣ್ಣದ ಭಾಗಗಳೆಲ್ಲ ಬಿಸಿಲು ಬಿದ್ದ ಕಡೆ ಹಳದಿ ತಿರುಗಿದ್ದವು. ಕೈ ಸವರಿದರೆ ಸೀಮೆಸುಣ್ಣದಂಥ ಪುಡಿ. ಬಲಗಡೆ ಮುಂದಿನ ಪಿಲ್ಲರಿನ ಹೊದಿಕೆ ಮೇಲ್ತುದಿಯಲ್ಲಿ ಬಾಯಿ ಬಿಟ್ಟಿತ್ತು. ಡಿಕ್ಕಿಯ ಪಕ್ಕದ ಪ್ಯಾನೆಲ್‌ನ ಲಾಕುಗಳು ಮುರಿದಿದ್ದವು. ಇದರಲ್ಲಿ ವಯಸ್ಸಿನ ಪಾಲು ಎಷ್ಟೋ, ಹಿಂದೊಮ್ಮೆ ಸ್ಪೀಕರ್ ಕೂರಿಸಿಕೊಟ್ಟ ಕಾರ್ ಡೆಕೋರ್ ಅಂಗಡಿಯವರ ಪಾಲೂ ಅಷ್ಟೇ. ಮುರಿದ ಕ್ಲಿಪ್ಪಿನ ಜಾಗಕ್ಕೆ ಡಬಲ್ ಟೇಪು, ಟೇಪು ನಿಲ್ಲದ ಕಡೆ ಪ್ಯಾನೆಲ್ಲನ್ನೇ ತೂತು ಮಾಡಿ ಮರದ ಸ್ಕ್ರೂ! ಇದೆಲ್ಲ ಕಾಣದಿರಲೆಂದು ಮೇಲೆ ಥಳಥಳ ಹೊಳೆಯುವ ಸಿಲಿಕೋನ್ ಪಾಲಿಶ್. ಆ ಪಾಲಿಶ್ ಇದೆಯಲ್ಲ, ಅದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ, ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ, ಮುಂದೆ ಬಣ್ಣ ಹೊಡೆಯಲು ಹೋದಾಗ ಬಣ್ಣ ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳಿಸುತ್ತದೆ. ಹಣ ಕೊಟ್ಟು ಹಾಕಿಸಿಕೊಳ್ಳುವ ವಸ್ತುವಲ್ಲ.

ಕಳಚುವ ಕೆಲಸ ನನಗೆ ಕಷ್ಟವಾಗಲಿಲ್ಲ. ಹಳೆಯ ಪ್ಲಾಸ್ಟಿಕ್ ತಣ್ಣಗಿದ್ದಾಗ ಹಪ್ಪಳ. ಬೆಳಿಗ್ಗೆ ಹೊತ್ತು ಮುಟ್ಟಲೇಬಾರದು. ಗಾಡಿಯನ್ನು ಒಂದಿಷ್ಟು ಹೊತ್ತು ಬಿಸಿಲಿಗೆ ಬಿಟ್ಟು, ಒಳಗೆಲ್ಲ ಬೆಚ್ಚಗಾದ ಮೇಲೆ ಕೈ ಹಾಕಿದರೆ ಕ್ಲಿಪ್ಪುಗಳು ಬಾಗುತ್ತವೆ, ಮುರಿಯುವುದಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅಂಚು ಹಲ್ಲು ಹಲ್ಲಾಗುತ್ತದೆ. ನಾನ್‌ಸ್ಟಿಕ್ ಕಾವಲಿಯ ಜೊತೆ ಬಂದು ಮೂಲೆ ಸೇರಿದ್ದ ನೈಲಾನ್ ಸಟ್ಟುಗ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗಾಜು ಏರಿಸಿ ಇಳಿಸುವ ಹ್ಯಾಂಡಲ್ ಬಿಚ್ಚುವುದು ಹೇಗೆಂದು ಬಹಳ ಜನಕ್ಕೆ ಗೊತ್ತಿಲ್ಲ, ಎಳೆದೂ ಎಳೆದೂ ಮುರಿಯುತ್ತಾರೆ. ಹ್ಯಾಂಡಲ್ಲಿನ ಹಿಂಬದಿಯಲ್ಲಿ ಕುದುರೆ ಲಾಳದ ಆಕಾರದ ತಂತಿಯ ಕ್ಲಿಪ್ಪೊಂದು ಕೂತಿರುತ್ತದೆ. ಹಳೆಯ ಕಾಟನ್ ಸೀರೆಯ ಪಟ್ಟಿಯೊಂದನ್ನು ಹ್ಯಾಂಡಲ್ ಮತ್ತು ಡೋರ್ ಪ್ಯಾಡಿನ ಸಂದಿಗೆ ತೂರಿಸಿ, ಎರಡೂ ತುದಿ ಹಿಡಿದು ಬೂಟು ಪಾಲಿಶ್ ಮಾಡಿದ ಹಾಗೆ ಅತ್ತ ಇತ್ತ ಎಳೆಯಬೇಕು. ಬಟ್ಟೆಯ ನೂಲು ತುದಿಗೆ ಸಿಕ್ಕಿಕೊಂಡಾಗ ಕ್ಲಿಪ್ಪು ಟಣ್ ಎಂದು ಹಾರುತ್ತದೆ. ಎಲ್ಲಿಗೆ ಹಾರುತ್ತದೆ ಅನ್ನುವುದು ಬೇರೆ ವಿಷಯ. ಮೊದಲನೆಯದು ತುಳಸಿಕಟ್ಟೆಯ ಹಿಂದೆ ಸಿಕ್ಕಿತು. ಸ್ಕ್ರೂಗಳನ್ನೆಲ್ಲ ಹಳೆಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬಾಗಿಲಿಗೊಂದು ಸಾಲಿನಂತೆ ಹಾಕಿಟ್ಟೆ.

ಡೋರ್ ಪ್ಯಾಡಿನ ಹಿಂದೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಗಾಜಿನ ಪಕ್ಕದಲ್ಲಿ ಇಳಿಯುವ ಮಳೆನೀರು ಪ್ಯಾಡಿಗೆ ತಾಗದಿರಲೆಂದು ಕಂಪನಿಯವರೇ ಅಂಟಿಸಿರುವುದು. ನಮ್ಮ ಗಾಡಿಯಲ್ಲಿ ಸ್ಪೀಕರಿನವರು ಅದನ್ನು ಹರಿದು ಬಿಸಾಕಿದ್ದರು. ರಟ್ಟಿನಂಥ ಪ್ಯಾಡು ನೀರು ಕುಡಿದು ಉಬ್ಬಿತ್ತು. ಜೇಬು ಉದುರಿದ್ದರ ಮೂಲ ಅಲ್ಲಿದೆ.

ಕಳಚಿದ ಪ್ರತಿಯೊಂದನ್ನೂ ತಿರುಗಿಸಿ ಬೆನ್ನು ನೋಡಬೇಕು. ಎದುರುಬದುರಾದ ಎರಡು ಬಾಣದ ತಲೆಗಳ ನಡುವೆ ಪಿಪಿ ಎಂದೋ ಎಬಿಎಸ್ ಎಂದೋ ಅಚ್ಚು ಇರುತ್ತದೆ. ಇಡೀ ಕೆಲಸದ ಜಾತಕ ಅದು. ಪಿಪಿ ಎಂದರೆ ಪಾಲಿಪ್ರೊಪಿಲೀನ್, ನಾಟ್ಟಾ ಎಂಬ ಇಟಲಿಯ ವಿಜ್ಞಾನಿ 1954ರಲ್ಲಿ ಕ್ರಮಬದ್ಧವಾಗಿ ಜೋಡಿಸಿ ತೋರಿಸಿ, 1963ರಲ್ಲಿ ಸೀಗ್ಲರ್ ಜೊತೆ ನೊಬೆಲ್ ಪಡೆದನಲ್ಲ, ಆ ಸರಪಳಿ. ಜಿಡ್ಡು ಸ್ವಭಾವದ್ದು. ಗೋಂದು ಹಿಡಿಯುವುದಿಲ್ಲ, ಬಣ್ಣ ಹಿಡಿಯುವುದಿಲ್ಲ, ಅಸಿಟೋನ್ ಸುರಿದರೂ ಕ್ಯಾರೇ ಅನ್ನುವುದಿಲ್ಲ. ಸುಮಾರು 160 ಡಿಗ್ರಿಯವರೆಗೆ ಕರಗದೆ ನಿಲ್ಲುತ್ತದೆ. ಎಬಿಎಸ್ ಹಾಗಲ್ಲ. ಗೋಂದೂ ಹಿಡಿಯುತ್ತದೆ, ಬಣ್ಣವೂ ಹಿಡಿಯುತ್ತದೆ, ಅಸಿಟೋನ್ ಕಂಡರೆ ಕರಗಿ ಅಂಬಲಿಯಾಗುತ್ತದೆ, ಮತ್ತು 105 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ನೀರಿಗೆ ಹಾಕಿ ನೋಡಿ, ತೇಲಿದರೆ ಪಿಪಿ ಮುಳುಗಿದರೆ ಎಬಿಎಸ್ ಎನ್ನುವ ಬುದ್ಧಿವಂತರಿದ್ದಾರೆ. ಕಾರಿನ ಪಿಪಿಗೆ ಗಟ್ಟಿಯಾಗಲೆಂದು ಟಾಲ್ಕ್ ಬೆರೆಸಿರುತ್ತಾರೆ. ನೂರಕ್ಕೆ ಇಪ್ಪತ್ತು ಭಾಗ ಟಾಲ್ಕ್ ಇದ್ದರೆ ಅದೂ ಮುಳುಗುತ್ತದೆ. ಅಚ್ಚು ಓದುವುದೇ ಸರಿ.

ಇದನ್ನೆಲ್ಲ ಓದಿ, ಪಿಪಿ ಒಂದು ಕಡೆ, ಎಬಿಎಸ್ ಒಂದು ಕಡೆ, ಅಂಗಳದಲ್ಲಿ ಎರಡು ಚಾಪೆಯ ಮೇಲೆ ಹರಡಿಟ್ಟಿದ್ದೆ. ಆಗ ನನ್ನ ಮೈದುನ ಬಂದ.

ಅವನದು ರೇಡಿಯಂ ಸ್ಟಿಕ್ಕರ್ ಅಂಗಡಿ. ಬೈಕಿನ ಟ್ಯಾಂಕಿಗೆ, ಆಟೋದ ಬೆನ್ನಿಗೆ, ಟ್ರ್ಯಾಕ್ಟರಿನ ನೆತ್ತಿಗೆ ಸ್ಟಿಕ್ಕರ್ ಎಳೆದು ಕೂರಿಸಲು ಹೀಟ್ ಗನ್ ಬೇಕು, ದಿನಾ ಕೈಯಲ್ಲಿ ಹಿಡಿಯುತ್ತಾನೆ. ಹಾಗಾಗಿ ಬಿಸಿ ಮಾಡಿದರೆ ಎಲ್ಲವೂ ದಾರಿಗೆ ಬರುತ್ತದೆ ಎಂಬುದು ಅವನ ನಂಬಿಕೆ. ಬೆಳ್ಳಗಾದ ಕಪ್ಪು ಬಂಪರಿನ ಮೇಲೆ ಹೀಟ್ ಗನ್ ಆಡಿಸಿದರೆ ಮತ್ತೆ ಕಪ್ಪಾಗುವ ವಿಡಿಯೋ ಒಂದನ್ನು ನೋಡಿಬಂದಿದ್ದ. ಅದು ಸುಳ್ಳಲ್ಲ. ದಪ್ಪ ಪಿಪಿಯ ಮೇಲ್ಪದರ ಸ್ವಲ್ಪ ಕರಗಿ ಹೊಸದಾಗಿ ಕೂರುತ್ತದೆ, ಕೆಲ ತಿಂಗಳು ಚೆನ್ನಾಗಿ ಕಾಣುತ್ತದೆ, ಆಮೇಲೆ ಬಿಸಿಲು ಮತ್ತೆ ತನ್ನ ಕೆಲಸ ಮಾಡುತ್ತದೆ. ನನ್ನೆದುರಿಗೇ ಹಿಂದಿನ ಬಂಪರಿನ ಒಂದು ಮೂಲೆಗೆ ಹಿಡಿದ. ಕಪ್ಪು ಬಂತು. ಅತ್ತೆ ಜಗಲಿಯಿಂದಲೇ “ನೋಡು, ನನ್ನ ಮಗ” ಅಂದರು. ನಾನು, “ಬಂಪರ್ ಆಯ್ತಲ್ಲ, ಸಾಕು. ಚಾಪೆ ಮೇಲಿರೋದನ್ನ ಮುಟ್ಟಬೇಡ. ಅದು ಬೇರೆ ಜಾತಿ” ಅಂದೆ.

“ಅತ್ತಿಗೆ, ನೀವು ಬಿಡ್ರಿ, ನಾನು ನೋಡ್ಕೋತೀನಿ.”

ಆ ಹೊತ್ತಿಗೇ ಗ್ಯಾಸ್ ಸಿಲಿಂಡರಿನವನು ಬರಬೇಕೇ? ಓಟಿಪಿ ಅಂದ, ಮೊಬೈಲ್ ಎಲ್ಲಿಟ್ಟೆನೋ ನೆನಪಿಲ್ಲ, ಹುಡುಕಲು ಒಳಗೆ ಹೋದೆ. ಓಟಿಪಿ ಹೇಳಿ, ಚಿಲ್ಲರೆಗಾಗಿ ಡಬ್ಬಿ ತಡಕುತ್ತಿದ್ದಾಗ ವಾಸನೆ ಬಂತು. ಲ್ಯಾಬಿನಲ್ಲಿ ಅಷ್ಟು ವರ್ಷ ಕಳೆದ ಮೂಗು ನನ್ನದು. ಪಿಪಿ ಸುಟ್ಟರೆ ಮೇಣದಬತ್ತಿ ಆರಿಸಿದ ವಾಸನೆ. ಇದು ಅದಲ್ಲ. ಸಿಹಿಸಿಹಿಯಾಗಿ ಗಂಟಲಿಗೆ ಇಳಿದು ಉರಿಯುವ ಸ್ಟೈರೀನಿನ ವಾಸನೆ. ಚಿಲ್ಲರೆ ಅಲ್ಲೇ ಬಿಟ್ಟು ಓಡಿದೆ.

ಬಲಗಡೆಯ ಪಿಲ್ಲರ್ ಹೊದಿಕೆಯನ್ನು ಎಡಗೈಯಲ್ಲಿ ಹಿಡಿದುಕೊಂಡು ಅವನು ಬಲಗೈಯಲ್ಲಿ ಗನ್ ಆಡಿಸುತ್ತಿದ್ದ. ಗನ್ನಿನ ಬಟನ್ ಎರಡನೇ ಗೇರಿನಲ್ಲಿ. ಆ ಗೇರಿನಲ್ಲಿ ಬಾಯಿಂದ ಹೊರಡುವ ಗಾಳಿ 500 ಡಿಗ್ರಿ ದಾಟಿರುತ್ತದೆ. ಹೊದಿಕೆಯ ಮೇಲಿದ್ದ ಸಣ್ಣ ಚರ್ಮದಂಥ ಗೆರೆಗಳು ಒಂದೊಂದಾಗಿ ಅಳಿಸಿಹೋಗಿ, ಅಂಗೈ ಅಗಲದ ಜಾಗ ಒದ್ದೆ ಮಾಡಿದ ಹಾಗೆ ಹೊಳೆಯುತ್ತಿತ್ತು. “ನೋಡ್ರಿ, ಹೊಳಪು ಬಂತು” ಅಂದ. ಅವನ ಮಾತು ಮುಗಿಯುವಷ್ಟರಲ್ಲಿ ಮೇಲ್ತುದಿ, ಕ್ಲಿಪ್ ಕೂರುವ ಗೂಡು ಇದ್ದ ಭಾಗ, ಸದ್ದಿಲ್ಲದೆ ಕೆಳಕ್ಕೆ ಬಾಗಿತು. ನಾನು “ಗನ್ ತೆಗಿ, ಹಾಗೇ ಹಿಡಿದುಕೋ, ಅಲ್ಲಾಡಿಸಬೇಡ” ಎಂದು ಕೂಗಿದೆ. ಮೆತ್ತಗಾದ ಎಬಿಎಸ್ ಅನ್ನು ಆಗ ಒಂದು ಮರದ ಅಚ್ಚಿನ ಮೇಲೆ ಕೂರಿಸಿ ನಿಧಾನವಾಗಿ ಆರಲು ಬಿಟ್ಟರೆ ಮುಕ್ಕಾಲು ಪಾಲು ಉಳಿಯುತ್ತಿತ್ತು. ಎಡಗಡೆಯ ಹೊದಿಕೆ ಚಾಪೆಯ ಮೇಲೇ ಇತ್ತು, ಆಕಾರ ನೋಡಿ ತಿದ್ದಬಹುದಿತ್ತು. ಅವನು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಬಾಗಿದ್ದನ್ನು ಮೇಲಕ್ಕೆ ಎತ್ತಲು ಹೆಬ್ಬೆರಳಿನಿಂದ ಒತ್ತಿದ. ಸುಟ್ಟಿತು. “ಅಯ್ಯಪ್ಪೋ” ಎಂದು ಕೈ ಝಾಡಿಸಿದ, ಹೊದಿಕೆ ಉದ್ದಕ್ಕೆ ತಿರುಚಿಕೊಂಡಿತು. ಅಷ್ಟಕ್ಕೇ ನಿಲ್ಲಿಸಿದನೇ? ಗಿಡಗಳಿಗೆಂದು ಇಟ್ಟಿದ್ದ ಬಕೆಟ್ಟಿನಲ್ಲಿ ಅದನ್ನು ಅದ್ದಿದ! ಚುರ್ ಎಂದಿತು. ತೆಗೆದಾಗ ಆ ತಿರುಚು ಹಾಗೇ ಗಟ್ಟಿಯಾಗಿತ್ತು, ಗೂಡಿನ ಬುಡದಿಂದ ಕೂದಲೆಳೆಯಂಥ ಬಿರುಕು ಅಡ್ಡಡ್ಡಕ್ಕೆ ಹೊರಟಿತ್ತು.

ಹೊಳೆಯುವ ಭಾಗದ ನಟ್ಟನಡುವೆ ಅವನ ಹೆಬ್ಬೆರಳಿನ ಗುರುತು. ರಿಜಿಸ್ಟ್ರಾರ್ ಆಫೀಸಿನಲ್ಲಿ ಒತ್ತಿಸಿಕೊಂಡರೂ ಅಷ್ಟು ಸ್ಪಷ್ಟವಾಗಿ ಗೆರೆ ಮೂಡುವುದಿಲ್ಲ.

ಅವನು ಹೇಳಿದ್ದು ಇದು: “ಅತ್ತಿಗೆ, ಇದು ಮೊದಲೇ ಹಿಂಗೇ ಬಾಯಿ ಬಿಟ್ಟಿತ್ತಲ್ರಿ.”

ಅತ್ತೆ ಹೇಳಿದ್ದು: “ಪಾಪ, ಕೈ ಸುಟ್ಕೊಂಡ. ಸಹಾಯ ಮಾಡೋಕೆ ಬಂದವನು. ಒಂದು ಪ್ಲಾಸ್ಟಿಕ್ ತುಂಡಿಗೆ ಇಷ್ಟು ಕೂಗಾಡೋದಾ?” ನಮ್ಮನೆಯವರು ಏನೂ ಹೇಳಲಿಲ್ಲ, ತಮ್ಮನಿಗೆ ಬರ್ನಾಲ್ ಹುಡುಕಿಕೊಟ್ಟರು. ಸಂಜೆ ಮೈದುನ ಫೋನ್ ಮಾಡಿ ಪರಿಹಾರವನ್ನೂ ಸೂಚಿಸಿದ, ಅದರ ಮೇಲೆ ಕಾರ್ಬನ್ ಫೈಬರ್ ಸ್ಟಿಕ್ಕರ್ ಹಾಕಿಬಿಡುತ್ತಾನಂತೆ, ನನಗಾದ್ದರಿಂದ ದುಡ್ಡು ಬೇಡವಂತೆ. ನಾನು ಫೋನ್ ಇಟ್ಟೆ. ನಾನು ಕೂಗಾಡಿದ್ದು ಹೆಚ್ಚಾಯಿತೆಂದು ಮನೆಯಲ್ಲಿ ಇವತ್ತಿಗೂ ಮಾತಿದೆ. ಹೆಚ್ಚಾಗಲಿಲ್ಲ. ಬೇಡ ಎಂದದ್ದು ಒಮ್ಮೆ, ಕಾರಣ ಹೇಳಿದ್ದು ಒಮ್ಮೆ. ಅದೇ ಮಾತನ್ನು ಯಾವುದೋ ಗ್ಯಾರೇಜಿನ ಹುಡುಗ ಹೇಳಿದ್ದರೆ ಕೇಳುತ್ತಿದ್ದ ಎಂಬುದು ನನ್ನ ಸಿಟ್ಟು.

ದಾವಣಗೆರೆಯಲ್ಲಿ ಕೇಳಿದ ಕಡೆಯೆಲ್ಲ “ಝೆನ್ನಾ? ಇನ್ನೂ ಇಟ್ಕೊಂಡಿದೀರೇನ್ರಿ?” ಎಂಬ ಉತ್ತರ ಬಂತು. ಮಗಳ ಮನೆಗೆಂದು ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆ ನೋಡಿದೆ. ಅಲ್ಲಿ ಸೀಟ್ ಕವರು, ಮ್ಯಾಟು, ಹಾರನ್ನು, ಎಲ್ಲವೂ ಹೊಸ ಗಾಡಿಯವು. ಕೊನೆಗೆ ಕೈ ಹಿಡಿದದ್ದು ಶಿವಾಜಿನಗರದ ಗುಜರಿ. ಮಗಳು ಮೂಗು ಮುಚ್ಚಿಕೊಂಡು ಆಟೋದಲ್ಲೇ ಕೂತಳು. ಒಂದು ಅಂಗಡಿಯಲ್ಲಿ ಬಾಗಿಲುಗಳ ರಾಶಿ, ಇನ್ನೊಂದರಲ್ಲಿ ಬರೀ ಡ್ಯಾಶ್‌ಬೋರ್ಡು, ಗಲ್ಲಿಯ ತುದಿಯಲ್ಲಿ ಪ್ಲಾಸ್ಟಿಕ್ಕಿನ ಗುಡ್ಡ. ಅಂಗಡಿಯ ಹುಡುಗ “ಮೇಡಂ, ಎಡಗಡೆ ಮಾಲ್ ಎಷ್ಟು ಬೇಕಾದ್ರೂ ಕೊಡ್ತೀನಿ, ಬಲಗಡೆದು ಸಿಗಲ್ಲ” ಅಂದ. ಬಿಸಿಲು ಬೀಳುವುದು, ಕೈ ತಾಗುವುದು, ಅಪಘಾತದಲ್ಲಿ ಪೆಟ್ಟು ತಿನ್ನುವುದು ಡ್ರೈವರ್ ಕಡೆಯೇ ಹೆಚ್ಚಂತೆ. ನಾನೂ ಗುಡ್ಡ ಕೆದಕಿದೆ. ಸಿಕ್ಕಿತು, ಆದರೆ ಬಿಸ್ಕತ್ ಬಣ್ಣದ್ದು. ತಿರುಗಿಸಿ ಅಚ್ಚು ನೋಡಿದೆ, ಎಬಿಎಸ್. ಗೂಡುಗಳೆಲ್ಲ ನೆಟ್ಟಗಿದ್ದವು. ಎಂಟುನೂರು ಅಂದವನು ಐನೂರಕ್ಕೆ ಬಂದ. ಅವನು ಕೇಳಿದ್ದರೆ ಎರಡು ಸಾವಿರವನ್ನೂ ಕೊಡುತ್ತಿದ್ದೆ, ಮುಖದಲ್ಲಿ ತೋರಿಸಲಿಲ್ಲ ಅಷ್ಟೇ.

ಬಣ್ಣ ಬೇರೆಯಾದ ಮೇಲೆ ಹೊಡೆಸಲೇಬೇಕಾಯಿತು. ಒಂದನ್ನು ಮಾತ್ರ ಹೊಡೆದರೆ ತೇಪೆ ಕಾಣುತ್ತದೆ, ಕಣ್ಣಿಗೆ ಬೀಳುವ ಎಲ್ಲ ಭಾಗಗಳನ್ನೂ ಒಟ್ಟಿಗೆ ಹೊಡೆಯಬೇಕು. ಪೇಂಟ್ ಅಂಗಡಿಗೆ ಮಾದರಿ ಒಯ್ಯುವಾಗ ಹಳದಿ ತಿರುಗಿದ ಭಾಗ ತೋರಿಸಬೇಡಿ. ಒಂದರ ಮೇಲೊಂದು ಕೂರುವ ಅಂಚಿನ ಅಡಿಯಲ್ಲಿ ಬಿಸಿಲು ಕಾಣದ ಪಟ್ಟಿಯೊಂದು ಇರುತ್ತದೆ, ಗಾಡಿಯ ನಿಜವಾದ ಬಣ್ಣ ಅದು. ಹೊಳಪಿಲ್ಲದ ಮ್ಯಾಟ್ ಕೇಳಿ.

ಬಣ್ಣಕ್ಕಿಂತ ಮುಂಚಿನ ತೊಳೆಯುವ ಕೆಲಸವೇ ದೊಡ್ಡದು. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಟೂತ್‌ಬ್ರಶ್. ಆ ಸಿಲಿಕೋನ್ ಹೋಗುವವರೆಗೆ ತಿಕ್ಕಬೇಕು, ನೀರು ಹನಿಹನಿಯಾಗಿ ಉರುಳದೆ ಹಾಳೆಯಂತೆ ಹರಡಿ ನಿಂತರೆ ಹೋಗಿದೆ ಎಂದರ್ಥ. ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಪಿಪಿ ಭಾಗಗಳಿಗೆ ಬಣ್ಣಕ್ಕೆ ಮೊದಲು ಪ್ಲಾಸ್ಟಿಕ್ ಪ್ರೈಮರ್ ಹೊಡೆಯದಿದ್ದರೆ ಬೇಸಿಗೆ ಬರುವಷ್ಟರಲ್ಲಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದುಬರುತ್ತದೆ. ಪೇಂಟರ್ “ಅದೆಲ್ಲ ಬೇಡ, ಡೈರೆಕ್ಟ್ ಹೊಡೀತೀನಿ” ಅನ್ನುತ್ತಾನೆ, ನೀವೇ ಪ್ರೈಮರ್ ಡಬ್ಬಿ ಕೊಂಡು ಕೈಗೆ ಕೊಡಿ. ತೆಳುವಾಗಿ ಹೊಡೆದು, ಆರಿಸಿ, ಮತ್ತೆ ತೆಳುವಾಗಿ. ಒಮ್ಮೆಗೇ ದಪ್ಪ ಹೊಡೆದರೆ ಚರ್ಮದಂಥ ಗೆರೆಗಳು ಮುಚ್ಚಿಹೋಗುತ್ತವೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ತೇವ ಹೀರಿಕೊಂಡು ಬಣ್ಣ ಬೆಳ್ಳಗೆ ಮಬ್ಬಾಗುತ್ತದೆ.

ಮುರಿದ ಲಾಕುಗಳ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ. ಪಿಪಿಯನ್ನು ಕೇಬಲ್ ಟೈ ಕರಗಿಸಿ ಬೆಸೆಯುವುದನ್ನು ಅನೇಕರು ತೋರಿಸುತ್ತಾರೆ. ಕೇಬಲ್ ಟೈ ನೈಲಾನ್, ಪಿಪಿಯ ಜೊತೆ ಒಂದಾಗುವುದಿಲ್ಲ. ಎಲ್ಲರ ಮನೆಯಲ್ಲೂ ಇರುವ ಒಂದೇ ಅಚ್ಚಿನ ಪ್ಲಾಸ್ಟಿಕ್ ಕುರ್ಚಿ ಸಾಮಾನ್ಯವಾಗಿ ಪಿಪಿ. ಕಾಲು ಮುರಿದು ಹಿತ್ತಲಲ್ಲಿ ಬಿದ್ದಿದ್ದ ಕುರ್ಚಿಯಿಂದ ಚೂರು ಕತ್ತರಿಸಿ, ಸ್ಟೀಲ್ ಜಾಲರಿಯ ತುಂಡನ್ನು ಬಿರುಕಿನ ಮೇಲಿಟ್ಟು ಸಾಲ್ಡರಿಂಗ್ ಐರನ್ನಿನಿಂದ ಒಳಗಿಳಿಸಿ, ಮೇಲೆ ಕುರ್ಚಿಯ ಪ್ಲಾಸ್ಟಿಕ್ ಕರಗಿಸಿ ತುಂಬಿದೆ. ಡಿಕ್ಕಿಯ ಪ್ಯಾನೆಲ್ ಈಗ ಕಂಪನಿಯದಕ್ಕಿಂತ ಗಟ್ಟಿ. ಎಬಿಎಸ್‌ಗೆ ಇಷ್ಟೆಲ್ಲ ಬೇಡ. ಮೈದುನ ಹಾಳು ಮಾಡಿದ ಹೊದಿಕೆಯನ್ನೇ ತುರಿದು, ಗಾಜಿನ ಬಾಟಲಿಯಲ್ಲಿ ಅಸಿಟೋನಿಗೆ ಹಾಕಿ ಕರಗಿಸಿ, ಆ ಅಂಬಲಿಯಿಂದ ಉಳಿದ ಎಬಿಎಸ್ ಬಿರುಕುಗಳನ್ನೆಲ್ಲ ಮುಚ್ಚಿದೆ. ಹೆಬ್ಬೆರಳಿನ ಗುರುತನ್ನು ಮೊದಲು ತುರಿದೆ. ಇವೆರಡನ್ನೂ ಬಯಲಲ್ಲಿ ಮಾಡಬೇಕು, ಅಸಿಟೋನ್ ಇರುವಲ್ಲಿ ಬೆಂಕಿ ಕೂಡದು.

ಹೊಸ ಗಾಡಿಯವರಿಗೆ ಒಂದು ಮಾತು. ಝೆನ್‌ನಲ್ಲಿ ಏರ್‌ಬ್ಯಾಗ್ ಇಲ್ಲ, ನಾನು ಧೈರ್ಯವಾಗಿ ಎಳೆದೆ. ಈಗಿನ ಹಲವು ಕಾರುಗಳಲ್ಲಿ ಪಿಲ್ಲರಿನ ಹೊದಿಕೆಯ ಹಿಂದೆಯೇ ಏರ್‌ಬ್ಯಾಗ್ ಮಡಚಿ ಕೂತಿರುತ್ತದೆ. ಅಂಥದನ್ನು ಮುಟ್ಟುವುದೂ ಬೇಡ, ಅದರ ಮುಚ್ಚಳಕ್ಕೆ ಬಣ್ಣ ಹೊಡೆಯುವುದೂ ಬೇಡ.

ಗಾಡಿ ಈಗ ಕಂಪನಿಯಿಂದ ಬಂದ ಹಾಗಿದೆ. ಹಾಗೆಂದು ಮೈದುನನೂ ಹೇಳಿದ, ತನ್ನಿಂದಲೇ ಆಯಿತೆಂಬ ಧಾಟಿಯಲ್ಲಿ. ಒಂದು ಕೊರತೆ ಮಾತ್ರ ಉಳಿದಿದೆ. ಹಿಂದಿನ ಸೀಟಿನ ಬೆನ್ನಿಗಿರುವ ಪಾರ್ಸೆಲ್ ಟ್ರೇ ಕೂರುವ ಎಡಗಡೆಯ ಆಧಾರ ಗುಜರಿಯಲ್ಲೂ ಸಿಗಲಿಲ್ಲ. ಓದುಗರಲ್ಲಿ ಯಾರಾದರೂ 2000ಕ್ಕಿಂತ ಮುಂಚಿನ ಝೆನ್ ಗುಜರಿಗೆ ಹಾಕುವವರಿದ್ದರೆ ಅದನ್ನು ಕಳಚಿ ಇಟ್ಟುಕೊಂಡು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಬಣ್ಣ ಯಾವುದಾದರೂ ಸರಿ, ಬಸ್ ಚಾರ್ಜಿನ ಜೊತೆ ಕೇಳಿದಷ್ಟು ಕೊಡುತ್ತೇನೆ. ದಯವಿಟ್ಟು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ.